ಲಸಿಕೆ ಹಿಡಿಯಿತೇ, ಇಲ್ಲವೇ?

ಅಂಗಾಂಗ ಕಸಿ ಮಾಡಿಸಿಕೊಂಡವರ, ಅವರ ಮನೆಯವರ ಪ್ರಶ್ನೆಗಳಿಗೆ ಮೂತ್ರಪಿಂಡ ತಜ್ಞೆಯ ಉತ್ತರ

ಈ ಸಲ ಸಂಪಾದಕರು ಕಳಿಸಿದ ಪತ್ರಗಳಲ್ಲಿ ಆರು ಲಸಿಕೆಯ ಕುರಿತಾಗಿಯೇ ಇದ್ದವು. ಉತ್ತರಿಸುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ನಾನು ಬರೀ ವೈದ್ಯೆಯಲ್ಲ. ನನ್ನ ಎಡಗಡೆಯ ಕಿಡ್ನಿ ಒಂಬತ್ತು ವರ್ಷಗಳಿಂದ ನನ್ನ ತಮ್ಮನ ಹೊಟ್ಟೆಯಲ್ಲಿದೆ. ಉತ್ತರಗಳಲ್ಲಿ ಅವನು ಆಗಾಗ ತಲೆ ಹಾಕಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ನನಗೆ 46 ವರ್ಷ. ಮುದ್ರಣಾಲಯದಲ್ಲಿ ಕೆಲಸ. ಕಿಡ್ನಿ ಕಸಿಯಾಗಿದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ಕೊಟ್ಟ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮೂರನ್ನೂ ತಪ್ಪದೆ ತೆಗೆದುಕೊಳ್ಳುತ್ತೇನೆ. ಕಸಿಯ ನಂತರ ಎರಡು ಸಲ ಕೋವಿಡ್ ಲಸಿಕೆ ಹಾಕಿಸಿಕೊಂಡೆ. ಕುತೂಹಲಕ್ಕೆ ಪ್ರತಿಕಾಯದ (ಆಂಟಿಬಾಡಿ) ಪರೀಕ್ಷೆ ಮಾಡಿಸಿದರೆ ‘ಇಲ್ಲ’ ಎಂದು ವರದಿ ಬಂತು. ಲಸಿಕೆ ಕಳಪೆಯೋ, ನನ್ನ ದೇಹದಲ್ಲೇ ದೋಷವೋ? ಹೀಗಾದರೆ ಪ್ರತಿವರ್ಷ ಫ್ಲೂ ಲಸಿಕೆಯನ್ನಾದರೂ ಯಾಕೆ ಹಾಕಿಸಿಕೊಳ್ಳಬೇಕು?

ಉತ್ತರ: ಲಸಿಕೆಯದೂ ತಪ್ಪಿಲ್ಲ, ನಿಮ್ಮ ದೇಹದ್ದೂ ತಪ್ಪಿಲ್ಲ. 2021ರಲ್ಲಿ ನಾನೂ ತಮ್ಮನೂ ಒಂದೇ ದಿನ, ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು, ಒಂದೇ ಲಸಿಕೆ ಹಾಕಿಸಿಕೊಂಡೆವು. ಎರಡನೆಯ ಡೋಸ್ ಆಗಿ ಒಂದು ತಿಂಗಳಿಗೆ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆವು. ನನ್ನ ವರದಿಯಲ್ಲಿ ಪ್ರತಿಕಾಯ ಯಂತ್ರ ಅಳೆಯಬಲ್ಲ ಗರಿಷ್ಠ ಮಿತಿಯನ್ನೂ ದಾಟಿತ್ತು. ಅವನ ವರದಿಯಲ್ಲಿ ಏನೂ ಇರಲಿಲ್ಲ. ತಂದೆತಾಯಿ ಒಬ್ಬರೇ, ಕಿಡ್ನಿಗಳೂ ಒಂದೇ ಜೋಡಿಯವು. ವ್ಯತ್ಯಾಸವೆಂದರೆ ಅವನು ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ನುಂಗುವ ಮಾತ್ರೆಗಳು, ಅಂದರೆ ನೀವು ನುಂಗುವ ಅವೇ ಮೂರು ಮಾತ್ರೆಗಳು.

ನೀವು ಮುದ್ರಣಾಲಯದವರಾದ್ದರಿಂದ ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಲಸಿಕೆ ಎಂದರೆ ಮುದ್ರಣಕ್ಕೆ ಬಂದ ಮಾದರಿ ಪ್ರತಿ. ‘ಟಿ’ ಕಣಗಳೆಂಬ ಬಿಳಿ ರಕ್ತಕಣಗಳು ಅದನ್ನು ನೋಡಿ ಒಪ್ಪಿ, ‘ಅಚ್ಚು ಹಾಕಿ’ ಎಂದು ಆದೇಶ ಕೊಡಬೇಕು. ಆ ಆದೇಶದ ಚೀಟಿಯ ಹೆಸರು ಇಂಟರ್‌ಲ್ಯೂಕಿನ್-2. ಚೀಟಿ ಬರೆಯುವ ಕೈಯನ್ನೇ ಟ್ಯಾಕ್ರೊಲಿಮಸ್ ಹಿಡಿದುಕೊಳ್ಳುತ್ತದೆ. ಆದರೂ ಅಷ್ಟಿಷ್ಟು ಆದೇಶ ನುಸುಳಿ ‘ಬಿ’ ಕಣಗಳನ್ನು ಮುಟ್ಟಿತು ಎನ್ನಿ. ಪ್ರತಿಕಾಯ ತಯಾರಾಗಬೇಕಾದರೆ ಆ ಒಂದೊಂದು ಕಣವೂ ತನ್ನಂಥ ಸಾವಿರಾರು ಕಣಗಳಾಗಬೇಕು, ಅಂದರೆ ಪ್ರತಿಗಳು ಅಚ್ಚಾಗಬೇಕು. ಕಣ ಇಬ್ಭಾಗವಾಗಲು ಹೊಸ ಡಿಎನ್‌ಎ ಬೇಕು, ಡಿಎನ್‌ಎಗೆ ಗ್ವಾನಿನ್ ಎಂಬ ಕಚ್ಚಾವಸ್ತು ಬೇಕು. ದೇಹದ ಬೇರೆ ಕಣಗಳು ಹಳೆಯ ಗ್ವಾನಿನ್ನನ್ನು ಮರುಬಳಕೆ ಮಾಡಿಕೊಂಡು ಹೇಗೋ ಸುಧಾರಿಸುತ್ತವೆ. ಈ ಬಿಳಿ ರಕ್ತಕಣಗಳು ಬಹುಮಟ್ಟಿಗೆ ಹೊಸದಾಗಿ ತಯಾರಿಸಿಕೊಳ್ಳುವುದನ್ನೇ ನೆಚ್ಚಿಕೊಂಡಿವೆ. ಮೈಕೊಫಿನೊಲೇಟ್ ತಡೆಯುವುದು ಅದನ್ನೇ. ಆದೇಶ ಬಂದಿದೆ, ಯಂತ್ರ ಸಿದ್ಧವಿದೆ, ಕಾಗದ ಮಾತ್ರ ಇಲ್ಲ. ಪ್ರೆಡ್ನಿಸೊಲೋನ್ ಇಡೀ ಕಾರ್ಖಾನೆಯ ವೇಗವನ್ನೇ ಒಂದಿಷ್ಟು ತಗ್ಗಿಸುತ್ತದೆ. ಹೊಸ ಕಿಡ್ನಿಯನ್ನು ಪರಕೀಯವೆಂದು ಗುರುತಿಸಿ ದಾಳಿ ಮಾಡುವವರೂ ಇದೇ ಕಾರ್ಖಾನೆಯವರು. ಅವರನ್ನು ಸುಮ್ಮನಿರಿಸಿದ್ದಕ್ಕೇ ನಿಮ್ಮ ಕಿಡ್ನಿ ನೆಟ್ಟಗಿದೆ. ಲಸಿಕೆ ಸರಿಯಾಗಿ ಹಿಡಿಯದಿರುವುದು ಅದಕ್ಕೆ ನಾವು ತೆರುತ್ತಿರುವ ಬೆಲೆ.

ಇನ್ನು ಅಂಕಿಗಳು. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು ಕಸಿಯಾದವರನ್ನು ಪರೀಕ್ಷಿಸಿದಾಗ, ಮೊದಲ ಎಂಆರ್‌ಎನ್‌ಎ ಡೋಸ್‌ನ ನಂತರ 436 ಜನರಲ್ಲಿ ಪ್ರತಿಕಾಯ ಕಂಡದ್ದು ಶೇಕಡ 17ರಷ್ಟು ಮಂದಿಗೆ. ಎರಡು ಡೋಸ್ ಮುಗಿಸಿದ 658 ಜನರಲ್ಲಿ ಅದು ಶೇಕಡ 54. ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಇದೇ ಅಧ್ಯಯನದಲ್ಲಿ ಮೈಕೊಫಿನೊಲೇಟ್‌ನಂಥ ಮಾತ್ರೆ ತೆಗೆದುಕೊಳ್ಳುವವರನ್ನೂ ತೆಗೆದುಕೊಳ್ಳದವರನ್ನೂ ಬೇರೆ ಮಾಡಿ ನೋಡಿದರು. ತೆಗೆದುಕೊಳ್ಳುವವರಲ್ಲಿ ಶೇಕಡ 43, ಉಳಿದವರಲ್ಲಿ ಶೇಕಡ 82. ಕಾಗದದ ಅಭಾವ ಎಂದೆನಲ್ಲ, ಅದು ಲೆಕ್ಕದಲ್ಲಿ ಕಾಣುವುದು ಹೀಗೆ.

‘ಹಾಗಾದರೆ ಬಿಟ್ಟುಬಿಡುತ್ತೇನೆ’ ಎಂದು ತಮ್ಮನೂ ನಿಮ್ಮ ಹಾಗೆಯೇ ಹೇಳಿದ್ದ. ನಾನು ಬಿಡಲಿಲ್ಲ. ಫ್ರಾನ್ಸಿನ ಟೂಲೂಸ್ ನಗರದಲ್ಲಿ 101 ಜನ ಕಸಿ ರೋಗಿಗಳಿಗೆ ಮೂರನೆಯ ಡೋಸ್ ಕೊಟ್ಟಾಗ, ಪ್ರತಿಕಾಯ ಇದ್ದವರ ಪ್ರಮಾಣ ಶೇಕಡ 40ರಿಂದ 68ಕ್ಕೆ ಏರಿತು. ಟೊರಾಂಟೊದವರು 120 ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರು ಚುಚ್ಚಿದರು. ತಾವು ಮೊದಲೇ ಗೊತ್ತುಪಡಿಸಿದ ಪ್ರತಿಕಾಯದ ಮಟ್ಟವನ್ನು ಲಸಿಕೆಯ ಗುಂಪಿನಲ್ಲಿ ಶೇಕಡ 55 ಮಂದಿ ಮುಟ್ಟಿದರು, ಉಪ್ಪುನೀರಿನ ಗುಂಪಿನಲ್ಲಿ ಶೇಕಡ 18. ಕಸಿಯಾದವರಿಗೆ ಹೆಚ್ಚುವರಿ ಡೋಸ್ ಎಂಬ ನಿಯಮ ಬಂದದ್ದು ಇಂಥ ಪುರಾವೆಗಳ ಮೇಲೆ. ತಮ್ಮನಿಗೆ ಮೂರನೆಯದಾದ ಮೇಲೆ ಒಂದು ಸಣ್ಣ ಸಂಖ್ಯೆ ಬಂತು. ನನ್ನದರ ಪಕ್ಕದಲ್ಲಿಟ್ಟರೆ ನಗು ಬರುವಂಥದ್ದು. ಅವನು ಮಾತ್ರ ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಮನೆಯವರಿಗೆಲ್ಲ ವರದಿ ತೋರಿಸಿದ.

ನಿಮ್ಮ ಪರೀಕ್ಷೆಯ ಬಗ್ಗೆ ನನಗೊಂದು ತಕರಾರಿದೆ. ಪ್ರತಿಕಾಯ ರಕ್ಷಣೆಯ ಒಂದು ಭಾಗ ಮಾತ್ರ. ವೈರಸ್ ಹೊಕ್ಕ ಕಣಗಳನ್ನು ಹುಡುಕಿ ನಾಶಮಾಡುವ ‘ಟಿ’ ಕಣಗಳು ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಪ್ರತಿಕಾಯವಿಲ್ಲದ ಕೆಲವು ಕಸಿ ರೋಗಿಗಳಲ್ಲಿ ಅವು ತಯಾರಾಗಿರುತ್ತವೆ. ಆದ್ದರಿಂದ ‘ಇಲ್ಲ’ ಎಂಬ ವರದಿಯನ್ನು ನೋಡಿ ಲಸಿಕೆ ಬಿಡಬೇಡಿ, ‘ಇದೆ’ ಎಂಬ ವರದಿಯನ್ನು ನೋಡಿ ಮುಖಗವಸು ಬಿಸಾಡಬೇಡಿ. ಫ್ಲೂ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಿಕೊಳ್ಳಿ. ಸಾಮಾನ್ಯ ಫ್ಲೂ ಲಸಿಕೆಯ ನಾಲ್ಕು ಪಟ್ಟು ವೈರಸ್ ಅಂಶವಿರುವ ಹೆಚ್ಚಿನ ಪ್ರಮಾಣದ ಲಸಿಕೆಯೂ ಇದೆ. ಕಸಿಯಾದವರಲ್ಲಿ ಅದಕ್ಕೆ ಪ್ರತಿಕ್ರಿಯೆ ಹೆಚ್ಚು ಚೆನ್ನಾಗಿರುತ್ತದೆ. ಸಿಗುವುದಾದರೆ ಅದನ್ನೇ ಕೇಳಿ.

ಲಸಿಕೆ ಅರೆಬರೆ ಹಿಡಿದಿರುವವರು ಕಾಯಿಲೆ ಬಂದಾಗ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಜ್ವರ, ಕೆಮ್ಮು ಶುರುವಾದ ದಿನವೇ ಪರೀಕ್ಷೆ ಮಾಡಿಸಿ ಕಸಿ ವೈದ್ಯರಿಗೆ ಫೋನ್ ಮಾಡಿ. ರಿಟೊನಾವಿರ್ ಇರುವ ಕೋವಿಡ್ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನುಂಗಲೇಬೇಡಿ. ಅದು ಟ್ಯಾಕ್ರೊಲಿಮಸ್ಸನ್ನು ಕರಗಿಸುವ ಯಕೃತ್ತಿನ ಕೆಲಸಕ್ಕೇ ತಡೆ ಹಾಕುವುದರಿಂದ, ರಕ್ತದಲ್ಲಿ ಟ್ಯಾಕ್ರೊಲಿಮಸ್ ಹಲವು ಪಟ್ಟು ಏರಿ ಕಿಡ್ನಿಗೇ ವಿಷವಾಗಬಹುದು.

ಪ್ರಶ್ನೆ: ನನ್ನ ಪತಿಗೆ ಯಕೃತ್ತಿನ ಕಸಿಯಾಗಿ ಎರಡು ವರ್ಷ. ಲಸಿಕೆಗೆ ಒಂದು ವಾರ ಮುಂಚೆಯಿಂದ ಮೈಕೊಫಿನೊಲೇಟ್ ನಿಲ್ಲಿಸಿದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಒಂದೇ ವಾರ ತಾನೆ, ನಿಲ್ಲಿಸಬಹುದೇ ಮೇಡಂ?

ಉತ್ತರ: ನಿಲ್ಲಿಸಬೇಡಿ.

ಆ ಯೋಚನೆ ಬಂದದ್ದರಲ್ಲಿ ತಪ್ಪಿಲ್ಲ. ಮೇಲಿನ 43 ಮತ್ತು 82 ನೋಡಿದ ವೈದ್ಯರಿಗೂ ಬಂದದ್ದು ಅದೇ ಯೋಚನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರತಿಕಾಯ ಬರದ ಕಿಡ್ನಿ ಕಸಿ ರೋಗಿಗಳ ಮೇಲೆ ಇದನ್ನೇ ಪ್ರಯೋಗ ಮಾಡಿ ನೋಡಿದರು. ಮರು ಲಸಿಕೆಗೆ ಒಂದು ವಾರ ಮುಂಚೆ, ಒಂದು ವಾರ ನಂತರ ಮೈಕೊಫಿನೊಲೇಟ್ ನಿಲ್ಲಿಸಿದವರಿಗೂ ನಿಲ್ಲಿಸದವರಿಗೂ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಅದೂ ವೈದ್ಯರ ಕಣ್ಗಾವಲಿನಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡುತ್ತ ನಡೆದ ಪ್ರಯೋಗ. ಮನೆಯಲ್ಲಿ ಆ ಕಣ್ಗಾವಲು ಯಾರದು?

ನನ್ನ ರೋಗಿಯೊಬ್ಬ, ಗುರುತು ಬೇಡ, ಲಸಿಕೆಗೆಂದು ‘ಒಂದು ವಾರ’ ನಿಲ್ಲಿಸಿದ. ವಾರ ಕಳೆಯಿತು. ಮೈ ಹಗುರವಾಗಿತ್ತು, ಭೇದಿ ನಿಂತಿತ್ತು (ಆ ಮಾತ್ರೆಗೆ ಹೊಟ್ಟೆ ಕೆಡಿಸುವ ಗುಣವಿದೆ), ಇನ್ನೊಂದು ವಾರ ನೋಡೋಣ ಎಂದುಕೊಂಡ. ನನ್ನೆದುರು ಬಂದು ಕುಳಿತಾಗ, ಕಿಡ್ನಿಯ ಕೆಲಸ ಕುಗ್ಗಿದಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.2 ಇದ್ದದ್ದು 3.1 ಆಗಿತ್ತು. ಮೂರು ದಿನ ಸ್ಟೆರಾಯ್ಡ್ ಹನಿಸಿ ಕಿಡ್ನಿ ಉಳಿಸಿದೆವು. ಪೂರ್ತಿ ಹಿಂದಿನಂತಾಗಲಿಲ್ಲ. ಆ ಸ್ಟೆರಾಯ್ಡ್‌ನ ಭಾರೀ ಪ್ರಮಾಣದ ಕೆಳಗೆ, ಅವನು ಅಷ್ಟು ಆಸೆಪಟ್ಟು ಹಾಕಿಸಿಕೊಂಡ ಲಸಿಕೆ ಎಷ್ಟು ಹಿಡಿದಿರಬಹುದು, ನೀವೇ ಊಹಿಸಿ.

ಮಾತ್ರೆಯಿಲ್ಲದೆ ಕಸಿ ಉಳಿದದ್ದೂ ಉಂಟು. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಮಾಡಿದ, ಮೊದಲ ಯಶಸ್ವಿ ಕಿಡ್ನಿ ಕಸಿ ಎಂದು ಹೆಸರಾದ ಶಸ್ತ್ರಚಿಕಿತ್ಸೆಯಲ್ಲಿ ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳು. ದೇಹಕ್ಕೆ ಅದು ಪರಕೀಯ ಎನಿಸಲೇ ಇಲ್ಲ. ನಾನೂ ತಮ್ಮನೂ ಅವಳಿಗಳಲ್ಲ, ನಿಮ್ಮ ಪತಿಗೆ ಯಕೃತ್ತು ಕೊಟ್ಟವರೂ ಅವರ ಅವಳಿಯಾಗಿರಲಾರರು.

ಕೆಲವು ಯಕೃತ್ತಿನ ರೋಗಿಗಳಲ್ಲಿ ಕಾಲ ಕಳೆದಂತೆ ಮಾತ್ರೆ ಕಡಿಮೆ ಮಾಡಲು ಸಾಧ್ಯ ಎಂಬುದು ನಿಜ. ಅದನ್ನು ಕಸಿ ವೈದ್ಯರು ಅಳೆದು ತೂಗಿ ಮಾಡುತ್ತಾರೆ. ನಿಮ್ಮ ಕೈಯಲ್ಲಿರುವುದು ಮಾತ್ರೆಗಿಂತ ಹೆಚ್ಚಾಗಿ ಲಸಿಕೆಯ ಸಮಯ. ಕಸಿಯಾದ ಮೊದಲ ತಿಂಗಳುಗಳಲ್ಲಿ ಔಷಧದ ಪ್ರಮಾಣ ಹೆಚ್ಚಿರುವುದರಿಂದ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯುತ್ತೇವೆ. ಫ್ಲೂ ಹರಡುತ್ತಿದ್ದರೆ ಅದರ ಲಸಿಕೆಯನ್ನು ಒಂದು ತಿಂಗಳಿಗೇ ಕೊಟ್ಟುಬಿಡುತ್ತೇವೆ. ತಿರಸ್ಕಾರಕ್ಕೆಂದೋ ಬೇರೆ ಕಾರಣಕ್ಕೋ ರಿಟುಕ್ಸಿಮ್ಯಾಬ್ ಕೊಟ್ಟಿದ್ದರೆ ‘ಬಿ’ ಕಣಗಳೇ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಕಾಲ ಇರುವುದಿಲ್ಲ. ಆಗ ಲಸಿಕೆ ಹಾಕಿಸಿದರೆ ಪಾಠ ಕೇಳಿಸಿಕೊಳ್ಳಲು ತರಗತಿಯಲ್ಲಿ ಯಾರೂ ಇಲ್ಲದ ಹಾಗೆ. ನಿಮ್ಮ ಪತಿಗೆ ಎರಡು ವರ್ಷವಾಗಿದೆ, ಇತ್ತೀಚೆಗೆ ಅಂಥ ಔಷಧ ಕೊಟ್ಟಿಲ್ಲವೆಂದಾದರೆ ಕಾಯಲು ಕಾರಣವಿಲ್ಲ. ಮಾತ್ರೆ ಎಂದಿನಂತೆ ನುಂಗಲಿ, ಲಸಿಕೆಯನ್ನೂ ಹಾಕಿಸಿಕೊಳ್ಳಲಿ.

ಪ್ರಶ್ನೆ: ಲಸಿಕೆಯಿಂದ ರೋಗನಿರೋಧಕ ಶಕ್ತಿ ಕೆರಳಿ ಕಸಿಯಾದ ಅಂಗವನ್ನೇ ತಿರಸ್ಕರಿಸುತ್ತದಂತೆ, ಹೌದೇ?

ಉತ್ತರ: ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಮೇಲೆ ಹೇಳಿದ ಟೂಲೂಸ್, ಟೊರಾಂಟೊ ಅಧ್ಯಯನಗಳಲ್ಲಿ ಲಸಿಕೆಯಿಂದ ಒಂದೂ ತಿರಸ್ಕಾರ ವರದಿಯಾಗಲಿಲ್ಲ. ತಿರಸ್ಕಾರಕ್ಕೆ ದಾರಿ ಮಾಡಿಕೊಡಬಲ್ಲದ್ದು ನಿಜವಾದ ಸೋಂಕು.

ಪ್ರಶ್ನೆ: ನನಗೆ 33 ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾಲ್ಕು ತಿಂಗಳ ನಂತರ ಅಮ್ಮ ನನಗೆ ಕಿಡ್ನಿ ಕೊಡುವವರಿದ್ದಾರೆ. ತಯಾರಿಯ ಪರೀಕ್ಷೆಗಳ ಪಟ್ಟಿ ಕೊಟ್ಟಿದ್ದಾರೆ, ಲಸಿಕೆಯ ಬಗ್ಗೆ ಯಾರೂ ಏನೂ ಹೇಳಿಲ್ಲ. ಕಸಿಯಾದ ಮೇಲೆ ಹಾಕಿಸಿಕೊಂಡರೆ ಸಾಲದೇ?

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಬಹಳ ಸಮಾಧಾನ ತಂದದ್ದು ನಿಮ್ಮದು. ನಿಮ್ಮ ಬಳಿ ಇನ್ನೂ ಸಮಯವಿದೆ. ಕಸಿಗೆ ಮುಂಚೆ ನಿಮ್ಮ ಕಾರ್ಖಾನೆಯಲ್ಲಿ ಕಾಗದವಿದೆ. ಡಯಾಲಿಸಿಸ್‌ನಲ್ಲಿರುವವರ ನಿರೋಧಕ ಶಕ್ತಿಯೂ ತಕ್ಕಮಟ್ಟಿಗೆ ಕುಗ್ಗಿರುತ್ತದೆ, ಆದರೆ ಮೂರು ಮಾತ್ರೆಗಳ ಕೆಳಗಿರುವಷ್ಟು ಕುಗ್ಗಿರುವುದಿಲ್ಲ.

ಎಲ್ಲಕ್ಕಿಂತ ಮೊದಲು ಜೀವಂತ ಲಸಿಕೆಗಳನ್ನು ನೋಡಿಕೊಳ್ಳಿ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡುವ ಲಸಿಕೆಯಲ್ಲಿಯೂ ಸೀತಾಳೆ ಸಿಡುಬಿನ ಲಸಿಕೆಯಲ್ಲಿಯೂ ಸೊರಗಿಸಿದ, ಆದರೆ ಜೀವವಿರುವ ವೈರಸ್ ಇರುತ್ತದೆ. ಆರೋಗ್ಯವಂತರಲ್ಲಿ ಅದು ತುಸು ಬೆಳೆದು ಪಾಠ ಕಲಿಸಿ ಸಾಯುತ್ತದೆ. ಕಸಿಯ ಮಾತ್ರೆ ನುಂಗುವವರಲ್ಲಿ ಸಾಯದೆ ಕಾಯಿಲೆಯನ್ನೇ ತರಬಹುದು. ಆದ್ದರಿಂದ ಕಸಿಯ ನಂತರ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ಇವುಗಳ ಕೊನೆಯ ಡೋಸ್ ಕಸಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಮುಗಿದಿರಬೇಕು. ಎರಡು ಡೋಸ್ ಬೇಕಾದರೆ ನಡುವೆಯೂ ನಾಲ್ಕು ವಾರ ಬಿಡಬೇಕು. ನಿಮ್ಮ ನಾಲ್ಕು ತಿಂಗಳಲ್ಲಿ ಇದು ಆರಾಮವಾಗಿ ಹಿಡಿಸುತ್ತದೆ, ಈ ವಾರವೇ ಶುರುಮಾಡಿದರೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿತ್ತೋ ಇಲ್ಲವೋ ಎಂದು ಅಮ್ಮನನ್ನು ಕೇಳಿ. ನೆನಪಿಲ್ಲದಿದ್ದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಎರಡನೆಯದು ಹೆಪಟೈಟಿಸ್ ಬಿ. ಡಯಾಲಿಸಿಸ್‌ನವರಿಗೆ ಇದನ್ನು ಸಾಮಾನ್ಯರಿಗಿಂತ ದುಪ್ಪಟ್ಟು, ಅಂದರೆ 20ರ ಬದಲು 40 ಮೈಕ್ರೊಗ್ರಾಂ ಕೊಡುತ್ತೇವೆ. ರೂಢಿಯಲ್ಲಿರುವ ಕ್ರಮದಲ್ಲಿ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಎರಡು ತಿಂಗಳಿಗೆ ಮೂರನೆಯದು, ಆರು ತಿಂಗಳಿಗೆ ನಾಲ್ಕನೆಯದು. ನಿಮ್ಮ ಡಯಾಲಿಸಿಸ್ ಘಟಕದಲ್ಲಿ ಈಗಾಗಲೇ ಕೊಟ್ಟಿರಬಹುದು, ದಾಖಲೆ ತೆಗೆಸಿ ನೋಡಿ. ಇಲ್ಲಿ ಮಾತ್ರ ಪ್ರತಿಕಾಯದ ಪರೀಕ್ಷೆಗೆ ನಿಜವಾದ ಅರ್ಥವಿದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ನೋಡಿದಾಗ ಸಂಖ್ಯೆ 10ಕ್ಕಿಂತ ಕೆಳಗಿದ್ದರೆ ಮತ್ತೆ ಕೊಡಬೇಕಾಗುತ್ತದೆ. ನಾಲ್ಕನೆಯ ಡೋಸ್ ಕಸಿಯ ಆಚೆಗೆ ಬಿದ್ದರೂ ಚಿಂತೆಯಿಲ್ಲ, ಅದು ಜೀವಂತ ಲಸಿಕೆಯಲ್ಲ. ಮೂರು ಡೋಸ್ ಮುಂಚೆ ಆಗಿದ್ದರೂ ಲಾಭವೇ. ಹೆಪಟೈಟಿಸ್‌ಗೆಂದು ಕಸಿಯನ್ನೇ ಮುಂದೂಡಬೇಡಿ. ಡಯಾಲಿಸಿಸ್‌ನ ಒಂದೊಂದು ತಿಂಗಳಿಗೂ ಅದರದೇ ಅಪಾಯವಿದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ, ಫ್ಲೂ, ಕೋವಿಡ್, ಧನುರ್ವಾಯು. ಸರ್ಪಸುತ್ತಿಗೆ ಇರುವ ಹೊಸ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರ ಒಂದು ಪ್ರೋಟೀನ್ ಮಾತ್ರ ಇದೆ. ಹಾಗಾಗಿ ಕಸಿಗೆ ಮುಂಚೆಯೂ ನಂತರವೂ ಕೊಡಬಹುದು. ಕಿಡ್ನಿ ಕಸಿಯಾದವರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಎಂಟು ಜನರಿಗೆ ಅದು ಹಿಡಿಯಿತು. ಇದೇ ಗುಂಪಿನ ಜನರಲ್ಲಿ ಕೋವಿಡ್ ಲಸಿಕೆ ಅಷ್ಟು ತಿಣುಕಿದ್ದನ್ನು ನೋಡಿದ ನನಗೆ ಇದು ಬೆರಗು. ಲಸಿಕೆಯ ಜೊತೆ ಸೇರಿಸಿದ ಉತ್ತೇಜಕ ಪದಾರ್ಥದ ಪಾಲು ಅದರಲ್ಲಿ ದೊಡ್ಡದು.

ಅಮ್ಮನ ಲಸಿಕೆಗಳನ್ನೂ ಮರೆಯಬೇಡಿ. ಕೊಡುವವರಿಗೂ ಕಸಿಗೆ ಮುಂಚಿನ ನಾಲ್ಕು ವಾರಗಳಲ್ಲಿ ಜೀವಂತ ಲಸಿಕೆ ಬೇಡ. ನನಗೆ ಆಗ ಯಾರೂ ಇದನ್ನು ಹೇಳಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ ಎಂಬುದು ಬೇರೆ ಮಾತು.

ಪ್ರಶ್ನೆ: ನಾನು 61 ವರ್ಷದ ಅಜ್ಜಿ. ಹೃದಯದ ಕಸಿಯಾಗಿದೆ. ಮಗಳು ಎರಡು ತಿಂಗಳ ಕೂಸಿನೊಂದಿಗೆ ಬಂದಿದ್ದಾಳೆ. ಮಗುವಿಗೆ ಹಾಕಿಸುವ ಲಸಿಕೆಗಳಿಂದ ನಿಮಗೆ ಅಪಾಯ, ಎತ್ತಿಕೊಳ್ಳಬೇಡಿ ಎನ್ನುತ್ತಾರೆ. ಮಗುವಿನ ಲಸಿಕೆಯನ್ನು ಮುಂದೂಡಲೇ?

ಉತ್ತರ: ಮುಂದೂಡಬೇಡಿ ಅಮ್ಮ. ನಿಮಗೆ ಹಾಕಿದ ಲಸಿಕೆ ಅರ್ಧ ಹಿಡಿದರೆ ಉಳಿದರ್ಧವನ್ನು ತುಂಬಿಕೊಡುವವರು ಮನೆಯವರೇ. ಮಗಳು, ಅಳಿಯ, ಮಗು ಎಲ್ಲರ ಲಸಿಕೆಯೂ ಸಕಾಲದಲ್ಲಿ ಆಗಲಿ. ಎಚ್ಚರ ಬೇಕಾದದ್ದು ಕೆಲವೇ ಕಡೆ. ಬಾಯಿಗೆ ಹನಿ ಹಾಕುವ ಪೋಲಿಯೊ ಲಸಿಕೆಯ ಜೀವಂತ ವೈರಸ್ ಮಗುವಿನ ಮಲದಲ್ಲಿ ವಾರಗಟ್ಟಲೆ ಹೊರಬರುತ್ತದೆ. ನಿಮ್ಮಂಥವರಿರುವ ಮನೆಯ ಮಗುವಿಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಒಳ್ಳೆಯದು, ಮಕ್ಕಳ ವೈದ್ಯರಿಗೆ ನಿಮ್ಮ ಕಸಿಯ ವಿಷಯ ಹೇಳಿ ಕೇಳಿ. ರೋಟಾವೈರಸ್ ಹನಿ ಹಾಕಿಸಬಹುದು. ಆಮೇಲೆ ನಾಲ್ಕು ವಾರ ಮಗುವಿನ ಬಟ್ಟೆ ಬದಲಿಸುವ ಕೆಲಸ ಮಗಳಿಗಿರಲಿ, ಅನಿವಾರ್ಯವಾದರೆ ಸೋಪಿನಲ್ಲಿ ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಿ. ಮುಂದೆ ಹಾಕಿಸುವ ದಡಾರದ ಲಸಿಕೆ ನಿಮಗೆ ಅಂಟುವುದಿಲ್ಲ. ಸೀತಾಳೆ ಸಿಡುಬಿನ ಲಸಿಕೆಯ ನಂತರ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಅವು ಒಣಗುವವರೆಗೆ ದೂರವಿರಿ. ಕೂಸನ್ನು ಎತ್ತಿಕೊಳ್ಳಿ, ಆಡಿಸಿ.

ಪ್ರಶ್ನೆ: ನಾನು ಕಿಡ್ನಿ ಕಸಿಯಾದವಳು. ಮೊನ್ನೆ ಬೀದಿನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂತು. ಕೂಡಲೇ ರೇಬೀಸ್ ಲಸಿಕೆ ಹಾಕಿಸಿಕೊಂಡೆ. ಎರಡು ವರ್ಷಗಳ ಹಿಂದೆ ಒಮ್ಮೆ ಕಚ್ಚಿದಾಗ ಪೂರ್ತಿ ಲಸಿಕೆಯಾಗಿತ್ತು ಎಂದಾಗ, ಎರಡು ಡೋಸ್ ಸಾಕು ಎಂದರು. ಸಾಕೇ?

ಉತ್ತರ: ಸಾಲದು. ಪತ್ರ ಓದಿದ ಕೂಡಲೇ ಸಂಪಾದಕರಿಂದ ನಿಮ್ಮ ಸಂಖ್ಯೆ ಪಡೆದು ಫೋನ್ ಮಾಡಿದ್ದು ಅದಕ್ಕೇ. ಇತರರಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಲಸಿಕೆಯಾದವರಿಗೆ ಎರಡು ಡೋಸ್ ಸಾಕೆಂಬ ಲೆಕ್ಕ, ಅವರ ದೇಹ ಹಳೆಯ ಪಾಠವನ್ನು ನೆನಪಿಟ್ಟುಕೊಂಡಿದೆ ಎಂಬ ನಂಬಿಕೆಯ ಮೇಲೆ ನಿಂತದ್ದು. ನಿಮ್ಮ ವಿಷಯದಲ್ಲಿ ಆ ನಂಬಿಕೆ ಸಲ್ಲದು. ಹಿಂದೆ ಲಸಿಕೆಯಾಗಿದ್ದರೂ ಕಸಿ ರೋಗಿಗೆ ಪೂರ್ತಿ ಚಿಕಿತ್ಸೆ ಆಗಬೇಕು: ಗಾಯವನ್ನು ಸೋಪು, ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಲಸಿಕೆಯ ಪೂರ್ಣ ಕ್ರಮ, ಅದರ ಜೊತೆಗೆ ಗಾಯದ ಸುತ್ತ ಚುಚ್ಚುವ ರೇಬೀಸ್ ಇಮ್ಯುನೊಗ್ಲೋಬುಲಿನ್. ಈ ಕೊನೆಯದು ತಯಾರಾದ ಪ್ರತಿಕಾಯವೇ. ನಿಮ್ಮ ಕಾರ್ಖಾನೆ ಅಚ್ಚು ಹಾಕಲಿ ಬಿಡಲಿ, ಅದು ಕೆಲಸ ಮಾಡುತ್ತದೆ. ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಮತ್ತೆ 3, 7, 14 ಮತ್ತು 28ನೆಯ ದಿನ, ಹೀಗೆ ಐದು. ಎಲ್ಲ ಮುಗಿದು ಒಂದೆರಡು ವಾರದ ಮೇಲೆ ಪ್ರತಿಕಾಯ ಪರೀಕ್ಷಿಸಿ, 0.5ಕ್ಕಿಂತ ಕಡಿಮೆಯಿದ್ದರೆ ಮತ್ತೆ ಡೋಸ್ ಕೊಡಬೇಕಾಗಬಹುದು. ಆ ಅವಧಿಯಲ್ಲಿ ಮಾತ್ರೆಗಳನ್ನು ಏನು ಮಾಡಬೇಕೆಂಬುದನ್ನು ನಿಮ್ಮ ಕಸಿ ವೈದ್ಯರಿಗೆ ಬಿಡಿ.

ಮೊದಲ ಲಸಿಕೆ ಹಾಕಿದ ಮೇಲೆ ಏಳನೆಯ ದಿನದವರೆಗೆ ಇಮ್ಯುನೊಗ್ಲೋಬುಲಿನ್ ಕೊಡಬಹುದು. ನಾನು ಫೋನ್ ಮಾಡಿದಾಗ ಈ ಪತ್ರ ಬರೆದವರದು ಐದನೆಯ ದಿನ. ಅಂದು ಸಂಜೆ ಅವರ ಮಗ ಫೋನ್ ಮಾಡಿ, ಇಮ್ಯುನೊಗ್ಲೋಬುಲಿನ್ ಹಾಕಿಸಿ ಆಯಿತು, ಕಾಲು ಮಾತ್ರ ಬಹಳ ನೋಯುತ್ತಿದೆಯಂತೆ ಎಂದರು.